ನನಗೆ ಬಾರದೆಂದ ಭಾಷೆ

ಹನೋರಾ,

ನೀನು ಹಾಲು ಕರೆದು ಬರುವಷ್ಟರಲ್ಲಿ ನಾನು ಹೊರಟಿರುತ್ತೇನೆ. ಎದುರಿಗೆ ನಿಂತು ಹೇಳುವ ಮುಖವಿಲ್ಲ.

ಮಧ್ಯಾಹ್ನ ಗಾಡಿಯಲ್ಲಿ ಒಬ್ಬ ಕೈದಿಯನ್ನು ತರುತ್ತಾರೆ, ಜೊತೆಗೊಬ್ಬ ಕಾವಲಿನವ. ಆಸ್ಪತ್ರೆ ದೂರವೆಂದು ನಾನೇ ಕೇಳಿಕೊಂಡೆ. ಕೈದಿಯ ಹೆಸರು ಟೈಗ್, ಊರ ಕಡೆಯ ನಮ್ಮ ಕ್ಲೇರ್ ಸೀಮೆಯವನೇ. ನಮ್ಮ ಹಾಸಿಗೆಯಲ್ಲೇ ಮಲಗಿಸು. ಎಡಗಾಲು ಮುರಿದಿದೆ, ಮಕ್ಕಳನ್ನು ಹತ್ತಿರ ಬಿಡಬೇಡ. ಆಲೂಗಡ್ಡೆ ಬೇಯಿಸಿ ಹಾಲಿನಲ್ಲಿ ಹಿಸುಕಿ ತಿನ್ನಿಸು. ಬೆನ್ನಿಗೆ ಹಂದಿಯ ಕೊಬ್ಬು ಸವರು. ಅಲ್ಲಿನ ಬಾಸುಂಡೆಗಳು ಎದ್ದದ್ದು ನನ್ನಿಂದ.

ಸೋಮವಾರ ಸೇತುವೆಯ ಕಮಾನಿನ ಕೆಳಗಿಂದ ಅವನು ನಮ್ಮ ಐರಿಷ್‌ನಲ್ಲಿ ಕೂಗಿದ: "ಅಣ್ಣಾ, ಈ ಆಸರೆ ಮರ ಒಳಗೇ ಕೊಳೆತು ಲಡ್ಡಾಗಿದೆ, ಕಲ್ಲು ಏರಿಸ್ಬೇಡ!"

ಪಕ್ಕದಲ್ಲಿದ್ದ ಇಂಗ್ಲಿಷ್ ಎಂಜಿನಿಯರು, "ಏನಂತೆ ಅವಂದು? ನಿಮ್ಮೋನೇ ಅಲ್ವಾ?" ಎಂದು ನಕ್ಕರು.

"ನಂಗಾ ಭಾಷೆ ಬರಲ್ಲ ದೊರೆ. ಬೈತಿರ್ಬೇಕು," ಎಂದುಬಿಟ್ಟೆ.

ಆ ಬೈಗುಳಕ್ಕೆಂದು ಅವನಿಗೆ ಇಪ್ಪತ್ತೈದು ಏಟು ಬಿದ್ದವು. ಬುಧವಾರ ಮರ ಮುರಿದು ಕಲ್ಲು ಅವನ ಮೇಲೇ ಕುಸಿಯಿತು. ಈಗ ಮರ ಕೆಡಿಸಿದವನೂ ಅವನೇ ಎನ್ನುತ್ತಿದ್ದಾರೆ. ನಡೆದದ್ದನ್ನು ಮ್ಯಾಜಿಸ್ಟ್ರೇಟರಿಗೆ ಹೇಳಲು ಸಿಡ್ನಿಗೆ ಹೊರಟಿದ್ದೇನೆ. ಮೇಸ್ತ್ರಿ ಕೆಲಸ ಹೋಗುತ್ತದೆ, ಈ ಸರ್ಕಾರಿ ಮನೆಯೂ ಹೋಗುತ್ತದೆ. ಬಟ್ಟೆಬರೆ ಪೆಟ್ಟಿಗೆಗೆ ತುಂಬಿಡು. ನಿನ್ನ ತಂಗಿಗೆ ಈಗಲೇ ಏನೂ ಹೇಳಬೇಡ.

ನಿನ್ನೆ ಅವನಿಗೆ ನೀರು ಕುಡಿಸುತ್ತಾ ನಮ್ಮ ಮಾತಿನಲ್ಲೇ, "ತುಂಬಾ ನೋಯ್ತಿದ್ಯೇನೋ ತಮ್ಮಾ?" ಎಂದೆ.

ಅವನು ಕಣ್ಣರಳಿಸಿದ. "ಅಯ್ಯೋ, ಬರತ್ತಾ ನಿಂಗೆ! ಪಾಪ, ದೇಶ ಬಿಟ್ಟು ಬಂದು ಮರ್ತೇ ಹೋಗಿದ್ಯೇನೋ ಅಂದ್ಕೊಂಡಿದ್ದೆ," ಎಂದು ನನ್ನ ಕೈ ಹಿಡಿದುಕೊಂಡ.

ಉಗಿದಿದ್ದರೆ ಒರೆಸಿಕೊಳ್ಳುತ್ತಿದ್ದೆ, ಹನೋರಾ.

ಫೆಲಿಮ್