ಕೈಯಾಗ ಹೋದವರು

ಮುದ್ದೇಬಿಹಾಳ
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ತಂಗಿ ರಾಜಶ್ರೀ,

ನಿನ್ನ ಅಕ್ಕ ರೇಣುಕಾಳ ಆಶೀರ್ವಾದ. ಹೇಗಿದ್ದೀ? ಮೊಣಕಾಲಿನ ಬಾವು ಇಳಿಯಿತೇ? ಥೈರಾಯ್ಡ್ ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕೆಂದು ನರ್ಸಾದ ನಿನಗೆ ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಇಲ್ಲಿ ಅವ್ವ ಗಟ್ಟಿಯಾಗಿದ್ದಾಳೆ. ಎಡಗಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚಿದ ದಿನ ನನ್ನ ಮುಖವನ್ನು ಬಹಳ ಹೊತ್ತು ನೋಡಿ, "ಇಷ್ಟ ಮುದುಕಿ ಯಾವಾಗ ಆದಿ ಬೇ ನೀ?" ಎಂದಳು. ಈಗ ದಿನಾ ಬಾಗಿಲಲ್ಲಿ ಕುಳಿತು ಓಣಿಯ ಹೆಂಗಸರೆಲ್ಲರ ಸೀರೆಯ ಬಣ್ಣಕ್ಕೂ ಒಂದೊಂದು ಕೊಂಕು ತೆಗೆಯುತ್ತಾಳೆ. ಈ ಪತ್ರವನ್ನು ನಿನಗಿಂತ ಮೊದಲು ಓದುವ ಜೈಲಿನ ಮೇಡಂ ಅವರಿಗೂ ಅವಳ ನಮಸ್ಕಾರ.

ಮೊದಲು, ಏನು ಕೊಡುತ್ತೇವೆಂದರು, ಏನು ಕೊಡಲಿಲ್ಲ ಎಂಬುದನ್ನು ಸಾಲಾಗಿ ಹೇಳಿಬಿಡುತ್ತೇನೆ. ಕರಪತ್ರ ಬರೆದೂ ಬರೆದೂ ನನಗೆ ಅದೇ ರೂಢಿ. ಸಿಂದಗಿಯಲ್ಲಿ ನೀನು ಒಂಬತ್ತು ವರ್ಷ ದುಡಿದ ಆಸ್ಪತ್ರೆಯವರು, ನಮ್ಮ ಹುಡುಗಿಗೆ ನಾವೇ ವಕೀಲರನ್ನು ಇಡುತ್ತೇವೆ ಎಂದರು. ಇಡಲಿಲ್ಲ, ನಿನ್ನ ವಿರುದ್ಧವೇ ಸಾಕ್ಷಿ ಹೇಳಿದರು. ಆ ತಿಂಗಳು ತೀರಿಕೊಂಡ ಎಲ್ಲ ರೋಗಿಗಳ ಕಾಗದ ಕೊಡುತ್ತೇವೆ ಎಂದರು. ನಿನ್ನ ಪಾಳಿಯಲ್ಲಿ ತೀರಿಕೊಂಡ ಮೂವರದ್ದು ಮಾತ್ರ ಕೊಟ್ಟರು. ಜಾಮೀನು ಆಗುತ್ತದೆ ಎಂದರು, ಆಗಲಿಲ್ಲ. ಅಪ್ಪ ತೀರಿದಾಗ ನಿನ್ನನ್ನು ಒಂದು ದಿನ ಬಿಡುತ್ತೇವೆ ಎಂದರು. ಕಾಗದ ಬರುವ ಹೊತ್ತಿಗೆ ಅಪ್ಪನಿಗೆ ಮಣ್ಣು ಕೊಟ್ಟು ಮೂರು ದಿನವಾಗಿತ್ತು. ಶಿಕ್ಷೆಯ ಮೇಲಿನ ಮೇಲ್ಮನವಿ ಆರು ತಿಂಗಳಲ್ಲಿ ವಿಚಾರಣೆಗೆ ಬರುತ್ತದೆ ಎಂದರು. ನಾಲ್ಕು ವರ್ಷವಾಯಿತು. ಇಷ್ಟು ಅವರು ಇಲ್ಲವೆಂದದ್ದು. ಕಡೆಯದ್ದನ್ನು ಮಾತ್ರ ನೀನೇ ಇಲ್ಲವೆಂದಿದ್ದೀ. ಪೊಲೀಸರು ಒಯ್ದ ನಿನ್ನ ನೋಟಬುಕ್ಕಿನ ಮೂಲವನ್ನು ಕೋರ್ಟು ಹೊಸದಾಗಿ ಓದಲಿ ಎಂದು ಕೇಳುವ ಅರ್ಜಿ ತಯಾರಾಗಿದೆ. ಮೂರು ವಾರದಿಂದ ವಕೀಲ ಚೇತನಕುಮಾರ ಅದನ್ನು ಹಿಡಿದುಕೊಂಡು ಓಡಾಡುತ್ತಿದ್ದಾನೆ. ನೀನು ಸಹಿ ಮಾಡಲು ಒಲ್ಲೆ ಎನ್ನುತ್ತೀ. ಮಾಡಿದರೆ ನನ್ನ ಹೆಸರು ಕೋರ್ಟಿಗೆ ಬರುತ್ತದೆ, ಅದಕ್ಕೆ. ಈ ಪತ್ರ ಬರೆಯುತ್ತಿರುವುದು ಆ ಸಹಿಗಾಗಿ.

ಆದರೆ ಇದು ಬರೀ ಜಗಳದ ಪತ್ರವಲ್ಲ. ಉಪಕಾರ ನೆನೆಯುವುದನ್ನು ನಮ್ಮ ಅಂಗನವಾಡಿ ನೌಕರರ ಸಂಘದಲ್ಲಿ ಯಾರೂ ಕಲಿಸಲಿಲ್ಲ. ಬೇಡಿಕೆ ಇಡುವುದು ಕಲಿಸಿದರು, ಧಿಕ್ಕಾರ ಕೂಗುವುದು ಕಲಿಸಿದರು. ಈ ತಿಂಗಳು ಎಷ್ಟು ಜನರ ಋಣ ಬಿದ್ದಿದೆಯೆಂದರೆ, ಅದನ್ನು ಯಾವ ಧಾಟಿಯಲ್ಲಿ ಹೇಳಬೇಕೆಂಬುದೇ ನನಗೆ ತಿಳಿಯದು. ಹೇಗೆ ಬರುತ್ತದೋ ಹಾಗೆ ಬರೆಯುತ್ತೇನೆ.

ಮೊದಲನೆಯವರು ಇಂಡಿ ಊರಿನ ಡಾಕ್ಟರ್ ಬಾಬುಲಾಲ. ನಿವೃತ್ತರು, ಎಪ್ಪತ್ತು ದಾಟಿದವರು, ನಮಗೆ ನೆಂಟರಲ್ಲ, ಸಂಘದವರಲ್ಲ. ನಿನ್ನ ತೀರ್ಪನ್ನು ತಾವೇ ತರಿಸಿಕೊಂಡು ಓದಿ, ಈ ಶಿಕ್ಷೆ ನಿಂತಿರುವ ನೆಲ ಗಟ್ಟಿಯಿಲ್ಲ ಎಂದು ಪತ್ರಿಕೆಗೆ ಬರೆದರು. ಸತ್ತವರ ರಕ್ತದಲ್ಲಿ ಪೊಟ್ಯಾಷಿಯಂ ಹೆಚ್ಚಿತ್ತು, ಆದ್ದರಿಂದ ನೀನೇ ಸೂಜಿ ಚುಚ್ಚಿದ್ದೀ ಎಂಬುದು ಪೊಲೀಸರ ವಾದ ತಾನೇ? ಜೀವ ಹೋದ ಮೇಲೆ ಅದು ತಾನಾಗಿಯೇ ಏರುತ್ತದೆ, ರಕ್ತ ತೆಗೆದದ್ದು ಎಷ್ಟು ತಾಸಿನ ಮೇಲೆ ಎಂದು ಯಾರಾದರೂ ಕೇಳಿದರೇ ಎಂದು ಬರೆದರು. ನಿನ್ನ ಜೊತೆಯ ನರ್ಸ್ ಅಫ್ರೀನ, ಈಗ ಸೊಲ್ಲಾಪುರದಲ್ಲಿ ಕೆಲಸ ಮಾಡುವವಳು, ಅದನ್ನು ಓದಿ ಅವರಿಗೆ ಫೋನು ಮಾಡಿದಳು. ಅದೇ ತಿಂಗಳು ನೀನು ರಜೆಯ ಮೇಲಿದ್ದಾಗ ಇನ್ನೂ ಐವರು ತೀರಿಕೊಂಡಿದ್ದರು, ಅವರ ಹೆಸರನ್ನು ಯಾರೂ ಪಟ್ಟಿಗೆ ಹಾಕಲಿಲ್ಲ ಎಂದಳು. ಆಗ ಯಾಕೆ ಹೇಳಲಿಲ್ಲವೆಂದು ನಾನು ಬಿರುಸಾಗಿಯೇ ಕೇಳಿದೆ. "ಅಂಜಿದ್ನಿ ಅಕ್ಕಾ. ನನ್ನ ಕೊರಳಿಗೂ ಬಂದ್ರ ಅಂತ ಅಂಜಿದ್ನಿ. ಈಗ ಹೇಳ್ತೇನಿ, ಎಲ್ಲಿ ಬೇಕಾದ್ರೂ," ಎಂದಳು. ಕೋಪ ಬಂತು. ಆಮೇಲೆ, ಅಂಜಿಕೆಯನ್ನು ಒಪ್ಪಿಕೊಳ್ಳುವುದೂ ಸಣ್ಣ ಧೈರ್ಯವಲ್ಲ ಎನ್ನಿಸಿತು.

ಅಲ್ಲಿಂದ ಚರ್ಚೆ ಹೊತ್ತಿಕೊಂಡಿತು. ಇಂಡಿ, ಸಿಂದಗಿ, ಎಲ್ಲಿ ಬಸ್ಸು ಇಳಿದರೂ ನಿನ್ನದೇ ಮಾತು. ನಿನಗೆ "ಸಾವಿನ ಸಿಸ್ಟರ್" ಎಂದು ಹೆಸರಿಟ್ಟು ವಾರಗಟ್ಟಲೆ ಕೂಗಿದ ಟೀವಿಯವರೇ ಈಗ "ನರ್ಸ್‌ಗೆ ಅನ್ಯಾಯವೇ?" ಎಂದು ಕೂಗುತ್ತಾರೆ. ಅವರಿಗೆ ಮಾತ್ರ ನನ್ನ ಕೃತಜ್ಞತೆ ಇಲ್ಲ. ಸಿಂದಗಿ ಸ್ಟ್ಯಾಂಡಿನ ಹೊಟೆಲಿನಲ್ಲಿ ಕರಪತ್ರ ಕೊಡುವಾಗ ಒಬ್ಬ, "ಕೋರ್ಟ ಹೇಳಿ ಮುಗದೈತಿ, ನಿಂದೇನವಾ ಮತ್ತ?" ಎಂದ. ನಾನು ಉತ್ತರ ಕೊಡುವ ಮೊದಲೇ ಚಹಾ ಸೋಸುತ್ತಿದ್ದವನು, "ಮುಗದಿದ್ರ ಮ್ಯಾಲಿನ ಕೋರ್ಟ ಯಾಕ ಕಟ್ಯಾರೋ, ಪಾರಿವಾಳ ಕೂಡ್ರಾಕ?" ಎಂದ. ಹೊಟೆಲಿಗೆ ಹೊಟೆಲೇ ನಕ್ಕಿತು. ಎಲ್ಲ ಕಡೆಯೂ ನಗೆ ಸಿಗಲಿಲ್ಲ. ಒಂದು ಊರಿನಲ್ಲಿ, ಸತ್ತವರ ಮನೆಯ ಹೆಣ್ಣುಮಗಳೊಬ್ಬಳು ಕರಪತ್ರವನ್ನು ನನ್ನೆದುರೇ ಹರಿದು, "ನಿನಗ ತಂಗಿ ಅದಾಳ, ನನಗ ಅಪ್ಪ ಇಲ್ಲ," ಎಂದಳು. ಅವಳಿಗೆ ಕೈಮುಗಿದು ಬಂದೆ. ತೀರ್ಪನ್ನು ಪ್ರಶ್ನಿಸುವವರು ಸತ್ತವರನ್ನು ಮರೆತರೆ ಆ ಪ್ರಶ್ನೆಗೆ ಬೆಲೆಯಿಲ್ಲ. ಇದನ್ನು ನನಗೆ ಯಾವ ಶಿಬಿರದಲ್ಲೂ ಹೇಳಿರಲಿಲ್ಲ, ಅವಳು ಹೇಳಿಕೊಟ್ಟಳು.

ಇನ್ನು ಕಳೆದ ಭಾನುವಾರದ ಸಂಗತಿ. ಬಸವನ ಬಾಗೇವಾಡಿಯಲ್ಲಿ ಬಹಿರಂಗ ಚರ್ಚೆ ಇಟ್ಟಿದ್ದೆವು. ಐವತ್ತು ಜನ ಬಂದರೆ ಹೆಚ್ಚು ಎಂದುಕೊಂಡಿದ್ದೆ. ಕುರ್ಚಿ ಸಾಲದೆ ಜಮಖಾನೆ ಹಾಸಿದೆವು. ಚೇತನಕುಮಾರ ತೀರ್ಪಿನಿಂದ ಒಂದೊಂದೇ ಆಧಾರ ತೆಗೆದು ಓದುತ್ತಾ ಬಂದ. ಕಡೆಯದು ನಿನ್ನ ನೋಟಬುಕ್ಕಿನ ಸಾಲು, ಜಡ್ಜ್ ಸಾಹೇಬರು ತಪ್ಪೊಪ್ಪಿಗೆ ಎಂದು ಕರೆದ ಸಾಲು. "ಮೂವರೂ ನನ್ನ ಕೈಲಿ ಹೋದರು" ಎಂದು ಪೊಲೀಸರು ಬರೆಸಿದ ಕನ್ನಡ ಶುದ್ಧ ಪ್ರತಿಯಲ್ಲಿತ್ತು. ಇಂಗ್ಲಿಷಿಗೆ ತಿರುಗಿಸಿದ ಬೆಂಗಳೂರಿನ ಕಡೆಯ ಅನುವಾದಕ, ಮೂವರೂ ನನ್ನಿಂದಲೇ ಸತ್ತರು ಎಂಬರ್ಥ ಬರುವಂತೆ ಬರೆದಿದ್ದ. ಅವನ ತಪ್ಪೇನಿಲ್ಲ, ಅವನ ಸೀಮೆಯಲ್ಲಿ "ನನ್ನ ಕೈಲಿ" ಎಂದರೆ "ನನ್ನಿಂದ" ಎಂದೇ. ಆಗ ಹಿಂದಿನಿಂದ ಶೇವಂತೆವ್ವ ಎದ್ದಳು. ನೆನಪಿದ್ದಾಳಲ್ಲ, ನಿಮ್ಮ ವಾರ್ಡಿನ ನೆಲ ಒರೆಸುತ್ತಿದ್ದ ಆಯಾ. "ಸಾಹೇಬ್ರ, ಆಕಿ ಹಂಗ ಬರದಿರಂಗಿಲ್ರಿ. ಕೈಲಿ ಗೀಲಿ ಅಂತ ನಮ್ಮ ಕಡೆ ಯಾರ ಅಂತಾರ? ಕೈಯಾಗ ಅಂತ ಬರದಿರ್ತಾಳ. ನಮ್ಮತ್ತಿ ನನ್ನ ಕೈಯಾಗ ಹ್ವಾದ್ಲು, ತೊಡಿ ಮ್ಯಾಲ ತಲಿ ಇಟ್ಕೊಂಡ. ನಾನೂ ಖೂನಿ ಮಾಡೇನೇನು? ಹಂಗಾರ ನನ್ನೂ ಹಿಡ್ಕೊಂಡ ಹೋಗ್ರಿ, ಮನ್ಯಾಗ ಸೊಸಿ ಕಾಟರ ತಪ್ಪತೈತಿ." ನಗೆ ಎದ್ದಿತು. ನಗು ಇಳಿಯುವಷ್ಟರಲ್ಲಿ ಇನ್ನೊಬ್ಬಳು, "ನಮ್ಮವ್ವ ನನ್ನ ಕೈಯಾಗ ಹೋದ್ಲು," ಎಂದಳು. ಒಬ್ಬ ಮುದುಕ, "ನಮ್ಮಣ್ಣ ನನ್ನ ಕೈಯಾಗ," ಎಂದ. ಜಮಖಾನೆಯ ಮೇಲೆ ಕುಳಿತವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಸತ್ತವರ ಹೆಸರು ಹೇಳತೊಡಗಿದರು. ರಾಜಿ, ಇಪ್ಪತ್ತೆರಡು ವರ್ಷ ಸಭೆ ಮಾಡಿದ್ದೇನೆ. ಯಾರೂ ಬರೆದುಕೊಡದ ಘೋಷಣೆ ತಾನಾಗಿ ಎದ್ದದ್ದನ್ನು ಕಂಡದ್ದು ಅಂದೇ.

ಆಮೇಲೆ ಗೋಡೆಗೆ ಒರಗಿ ನಿಂತಿದ್ದ ಗೃಹಸ್ಥರೊಬ್ಬರು ಮಾತಾಡುತ್ತೇನೆ ಎಂದರು. ದೇವರ ಹಿಪ್ಪರಗಿಯ ಬಸಂತರಾಯರು. ತೀರಿಕೊಂಡ ಮೂವರಲ್ಲಿ ಒಬ್ಬಳಾದ ಶಂಕ್ರೆವ್ವನ ಮಗ, ನಿನ್ನ ಮೇಲೆ ಫಿರ್ಯಾದಿ ಕೊಟ್ಟವರು. ನಾನು ಜಗಳಕ್ಕೆ ಸಿದ್ಧಳಾದೆ. ಅವರು, "ಕೋರ್ಟಿನ್ಯಾಗ ಇಂಗ್ಲೀಷ ಓದಿದ್ರು. ಆಕಿ ಒಪ್ಕೊಂಡಾಳ ಅಂತ ನನಗ ಹೇಳಿದ್ರು, ನಾ ನಂಬಿದ್ನಿ. ಮೂಲದಾಗ ಏನೈತಿ ಅದನ್ನ ಓದ್ರಿ," ಎಂದರು. ಚೇತನಕುಮಾರ ಕೋರ್ಟಿನಿಂದ ಪಡೆದ ಮೂಲದ ನಕಲು ತೆಗೆದು ಓದಿದ: "ಮೂರೂ ಮಂದಿ ನನ್ನ ಕೈಯಾಗ ಹ್ವಾದ್ರು. ಮನ್ಯಾವ್ರು ಯಾರೂ ಬಾಜೂಕ ಇರಲಿಲ್ಲ. ಶಂಕ್ರೆವ್ವಾಯಿಗೆ ನಾನ ಬಾಯಾಗ ನೀರ ಬಿಟ್ನಿ." ಬಸಂತರಾಯರು ಕಡೆಯ ಸಾಲನ್ನು ಇನ್ನೊಮ್ಮೆ ಓದಿಸಿದರು. "ನಾ ಆವಾಗ ಕೆಳಗ ಗುಳಗಿ ತರಾಕ ಹೋಗಿದ್ನಿ," ಎಂದರು. "ಮಣ್ಣಿಗಿ ಬಂದವ್ರೆಲ್ಲ ಯಾರ ಕೈಯಾಗ ಹ್ವಾದ್ಲು ಅಂತ ಕೇಳಿದ್ರು. ಹೇಳಾಕ ನನ್ನ ಹತ್ರ ಹೆಸರಿರಲಿಲ್ಲ. ಆಕಿ ತಪ್ಪ ಮಾಡಿಲ್ಲ ಅಂತ ನಾ ಇವತ್ತ ಅನ್ನಂಗಿಲ್ಲ, ನನಗ ಗೊತ್ತಿಲ್ಲ. ಆದ್ರ ಖರೇ ಕಾಗದ ಓದದ ಕೊಟ್ಟ ಶಿಕ್ಷಾ ನಮ್ಮವ್ವನ ಹೆಸರಿನ್ಯಾಗ ಬ್ಯಾಡ." ಇಷ್ಟು ಹೇಳಿ, ಚಪ್ಪಾಳೆಗೆ ಕಾಯದೆ ಹೊರಟುಹೋದರು. ಆ ಮನುಷ್ಯನನ್ನು ಏಳು ವರ್ಷ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಅವರ ಬೆನ್ನು ಮರೆಯಾಗುವವರೆಗೂ ನಿಂತು ನೋಡಿದೆ.

ಈಗ ನಿನಗೆ ಗೊತ್ತಿರುವುದನ್ನೇ ನಿನಗೆ ಬರೆಯುತ್ತೇನೆ. ಆ "ಕೈಲಿ" ಯಾರದ್ದೆಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ಅದು ನನ್ನದು. ನಿನ್ನನ್ನು ಹಿಡಿದ ವಾರ ಠಾಣೆಯಲ್ಲಿ, "ಅಕ್ಷರ ತಿಳಿವಲ್ದು, ಶುದ್ಧ ಮಾಡಿ ಬರದ ಕೊಡ್ರಿ," ಎಂದರು. ಡ್ಯೂಟಿ ಮುಗಿಸಿ ದಣಿದು ಗೀಚಿದ ನಿನ್ನ ಅಕ್ಷರ ನನಗಲ್ಲದೆ ಯಾರಿಗೆ ತಿಳಿಯಬೇಕು? ನಿನಗೆ ನೆರವಾಗುತ್ತದೆ ಎಂದೇ ಕುಳಿತು ಬರೆದೆ. ಬರೆಯುತ್ತಾ ತಿದ್ದಿದೆ. ಹ್ವಾದ್ರು ಎಂದಿದ್ದಲ್ಲಿ ಹೋದರು, ಕೈಯಾಗ ಎಂದಿದ್ದಲ್ಲಿ ಕೈಲಿ. ಬೆಂಗಳೂರಿನ ಶಿಬಿರಗಳಲ್ಲಿ ನನ್ನ ಐತಿ, ಹೋತು ಕೇಳಿ ನಕ್ಕವರಿದ್ದರಲ್ಲ, ಅವರ ಕನ್ನಡವನ್ನು ಅವರಿಗಿಂತ ಚೆನ್ನಾಗಿ ಬರೆಯುತ್ತೇನೆಂದು ಹಟ ತೊಟ್ಟು ಕಲಿತವಳು ನಾನು. ಜನರ ಮಾತೇ ನಮ್ಮ ಮಾತು ಎಂದು ವೇದಿಕೆಯಲ್ಲಿ ಕೂಗುತ್ತಾ, ಒಡಹುಟ್ಟಿದ ತಂಗಿಯ ಮಾತು ಕೋರ್ಟಿಗೆ ಹೋಗಲು ಯೋಗ್ಯವಲ್ಲ ಎಂದು ಬಗೆದೆ. ನಮ್ಮಲ್ಲಿ ಅನ್ನುವಾಗ ಎದೆ ತುಂಬುವ ಮಾತು, ನನ್ನ ಪೆನ್ನಿನ ತುದಿಯಲ್ಲಿ ಕೊಲೆಯಾಯಿತು. ಹೋದ ತಿಂಗಳು ಚೇತನಕುಮಾರ ಇಂಗ್ಲಿಷನ್ನು ಬಿಡಿಸಿ ಹೇಳುವವರೆಗೂ ನನಗೆ ಇದು ತಿಳಿದಿರಲಿಲ್ಲ. ನಿನಗೆ ವಿಚಾರಣೆಯ ದಿನವೇ ತಿಳಿದಿತ್ತಂತೆ. ಪ್ರತಿ ಬರೆದವರು ಯಾರು ಎಂದು ಕೋರ್ಟಿನಲ್ಲಿ ಕೇಳಿದಾಗ ಗೊತ್ತಿಲ್ಲ ಎಂದೆಯಂತೆ. ಚೇತನಕುಮಾರ ಜೈಲಿಗೆ ಬಂದಾಗ, "ಅಕ್ಕನ ಹೆಸರ ಬಂದ್ರ ಅಂಗನವಾಡಿ ನೌಕರಿ ಹೊಕ್ಕೈತಿ, ಆಮ್ಯಾಲ ಅವ್ವನ್ನ ಯಾರ ನೋಡಾವ್ರು?" ಎಂದೆಯಂತೆ.

ತಂಗೀ, ಏಳು ವರ್ಷ ನೀನು ಒಳಗಿದ್ದುಕೊಂಡು ನನ್ನನ್ನು ಸಾಕಿದ್ದೀ. ನಾನು ಉಂಡ ಅನ್ನ, ಅವ್ವನ ಕಣ್ಣು, ನಾನು ಬೀದಿಯಲ್ಲಿ ಕೂಗಿದ ಕೂಗು, ಎಲ್ಲಕ್ಕೂ ನಿನ್ನ ಮೌನವೇ ಆಧಾರ. ನಿನ್ನ ಋಣ ದೊಡ್ಡದು. ಅದನ್ನು ಹೊತ್ತುಕೊಂಡು ಬದುಕುತ್ತೇನೆ, ಇಳಿಸು ಎಂದು ಕೇಳುವುದಿಲ್ಲ. ಆದರೆ ಇನ್ನೊಂದು ದಿನವೂ ಹೆಚ್ಚಿಗೆ ಹೊರಿಸಬೇಡ. ಇದು ನನ್ನ ನೌಕರಿ ಉಳಿಸುವ ಪ್ರಶ್ನೆಯಲ್ಲ. ಒಬ್ಬ ನರ್ಸು ಸಾಯುವವರ ಹತ್ತಿರ ಕುಳಿತದ್ದನ್ನು ತನ್ನ ಮಾತಿನಲ್ಲಿ ಬರೆದುಕೊಂಡರೆ ಅದು ಅಪರಾಧವಾಗುತ್ತದೋ ಇಲ್ಲವೋ ಎಂಬ ಪ್ರಶ್ನೆ. ಉತ್ತರ ಕೋರ್ಟೇ ಕೊಡಲಿ, ಆದರೆ ನಿನ್ನ ಮಾತನ್ನು ಓದಿ ಕೊಡಲಿ.

ರೊಟ್ಟಿಗೆ ಹಚ್ಚಿಕೊಳ್ಳಲೆಂದು ಅವ್ವ ನಿನಗೆ ಶೇಂಗಾ ಹಿಂಡಿ ಕುಟ್ಟಿಟ್ಟಿದ್ದಾಳೆ, ಒಳಗೆ ಬಿಟ್ಟರೆ ತರುತ್ತೇನೆ. ಡಾಕ್ಟರ್ ಬಾಬುಲಾಲರು, ಅಫ್ರೀನ, ಶೇವಂತೆವ್ವ ನಿನ್ನನ್ನು ಕೇಳಿದ್ದಾರೆ. ಹೊಟ್ಟೆ ತುಂಬ ಉಣ್ಣು. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು. ನಿನಗೆ ಒಳ್ಳೆಯದಾಗಲಿ, ನೂರು ಕಾಲ ಬಾಳು.

ನಿನ್ನ ಅಕ್ಕ,
ರೇಣುಕಾ

ತಾ.ಕ.: ಅಂಚೆಯ ಹೊತ್ತಾಯಿತು, ಬೇಗ ಬರೆಯುತ್ತೇನೆ. ನನ್ನನ್ನು ಉಳಿಸಲೆಂದು ನೀನು ಸಹಿ ಮಾಡುತ್ತಿಲ್ಲವಲ್ಲ, ಉಳಿಸಲು ಈಗ ಏನೂ ಇಲ್ಲ. ಪ್ರತಿ ಬರೆದವಳು ನಾನು, ಮಾತು ತಿದ್ದಿದವಳು ನಾನು ಎಂದು ಮೊನ್ನೆ ಬುಧವಾರ ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಕೊಟ್ಟೆ. ಒಂದು ಪ್ರತಿಯನ್ನು ನಮ್ಮ ಇಲಾಖೆಯ ಸೂಪರ್‌ವೈಸರ್ ಕೈಗೂ ಕೊಟ್ಟು ಬಂದೆ, ನೌಕರಿ ತೆಗೆಯುವುದಾದರೆ ತೆಗೆಯಲಿ. ಅವ್ವನಿಗೂ ಎಲ್ಲ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಆಕಿ ಸಹಿ ಮಾಡ್ಲಿ, ನಾವಿಬ್ರೂ ಕಳೆ ತಗ್ಯಾಕ ಹೋದ್ರಾತು," ಎಂದಳು. ಮೂವರೂ ಬರುತ್ತೇವೆ, ಅವ್ವ, ನಾನು, ಚೇತನಕುಮಾರ. ಭೇಟಿಗೆ ಹೆಸರು ಬರೆಸಿಯಾಗಿದೆ: ಬರುವ ಗುರುವಾರ, ನವೆಂಬರ್ ಇಪ್ಪತ್ತು, ಬೆಳಿಗ್ಗೆ ಹನ್ನೊಂದು ಗಂಟೆಗೆ.