ಬಾರಿ ಊರಿನ ಅಡುಗೆಮನೆಯಲ್ಲಿ ಸೌತೆಬೀಜ

ಶೆಫೀಲ್ಡ್
೧೩ ನವೆಂಬರ್ ೨೦೧೬

ಪ್ರೀತಿಯ ಅಕ್ಕನಿಗೆ,

ನಿನ್ನ ಹೇಮಾ ಮಾಡುವ ಶರಣು ಶರಣಾರ್ಥಿ. ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ದೀಪಾವಳಿಗೆ ಮುಟ್ಟಬೇಕಾಗಿದ್ದ ಕಾಗದ ಇದು, ತಡವಾಯಿತು, ಬೈಯಬೇಡ. ನಮ್ಮ ಕ್ಲಿನಿಕ್ಕಿನಲ್ಲಿ ಈಗ ಫ್ಲೂ ಇಂಜೆಕ್ಷನ್ನಿನ ಕಾಲ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದರೆ ಊರಿನ ಮುದುಕ ಮುದುಕಿಯರೆಲ್ಲ ಒಂದು ತೋಳು ಹೊರಗೆ ಹಾಕಿಕೊಂಡೇ ನಿಂತಿರುತ್ತಾರೆ. ಸಂಜೆ ಮನೆಗೆ ಬಂದರೆ ಪೆನ್ನು ಹಿಡಿಯುವ ತ್ರಾಣ ಇರುವುದಿಲ್ಲ.

ವಾಟ್ಸಾಪ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಎಂದು ನೀನು ಅನ್ನುತ್ತೀ, ಗೊತ್ತು. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಎಲ್ಲಿ ಬಿಡುತ್ತೀ? ಹೋದ ಸಲ ಯಾಮಿನಿಯ ಮದುವೆಯ ಸುದ್ದಿ ಎತ್ತಿದ್ದೇ ತಡ, "ಮೊಣಕಾಲು ನೋವು, ವೀಸಾದ ರಗಳಿ ಬ್ಯಾರೆ, ನಾ ಬರೂದಿಲ್ಲ ಬಿಡು, ಇಲ್ಲಿಂದನ ಅಕ್ಕಿಕಾಳು ಹಾಕ್ತೀನಿ" ಎಂದು ಫೋನ್ ಇಟ್ಟುಬಿಟ್ಟೆ. ಕಾಗದವನ್ನು ನೀನು ಹಾಗೆ ಇಡಲಾರೆ. ಮೇ ತಿಂಗಳ ಮದುವೆಗೆ ನೀನು ಬರಲೇಬೇಕು, ಅಕ್ಕ. ಈ ಕಾಗದ ಬರೆಯುತ್ತಿರುವುದೇ ಅದಕ್ಕೆ. ಆದರೆ ಮೊದಲು ಇಟಲಿಯ ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ.

ನಮ್ಮ ಮದುವೆಗೆ ಮೂವತ್ತೈದು ವರ್ಷ ತುಂಬಿತೆಂದು ಯಾಮಿನಿ ತನ್ನ ಶಾಲೆಯ ಅಕ್ಟೋಬರ್ ರಜೆಯಲ್ಲಿ ನಮ್ಮಿಬ್ಬರನ್ನೂ ಇಟಲಿಗೆ ಕರೆದುಕೊಂಡು ಹೋಗಿದ್ದಳಲ್ಲ, ಆ ಫೋಟೋಗಳನ್ನು ನೋಡಿದ್ದೀ. ಅವಳು ಕಾಲೇಜಿನಲ್ಲಿದ್ದಾಗ ಒಂದು ವರ್ಷ ಅಲ್ಲೇ ಇದ್ದು ಓದಿದವಳು, ಈಗ ಲೀಡ್ಸಿನಲ್ಲಿ ಮಕ್ಕಳಿಗೆ ಅದೇ ಭಾಷೆ ಕಲಿಸುವವಳು, ಹಾಗಾಗಿ ಮಾತಿನ ಚಿಂತೆ ಇರಲಿಲ್ಲ. ಫೋಟೋದಲ್ಲಿ ನೀನು ನೋಡದೆ ಇರುವುದು ಕೊನೆಯ ದಿನದ್ದು. ದಕ್ಷಿಣದಲ್ಲಿ ಕಡಲ ದಂಡೆಗೆ ಬಾರಿ ಎಂಬ ಊರಿದೆ. ಅಲ್ಲಿನ ಹಳೆಯ ಓಣಿಯಲ್ಲಿ ಒಬ್ಬ ಹೆಂಗಸಿನ ಮನೆಯಲ್ಲಿ ನಮ್ಮ ಮೂವರಿಗಾಗಿಯೇ ಒಂದು ದಿನದ ಅಡುಗೆ ಪಾಠ ಗೊತ್ತು ಮಾಡಿದ್ದಳು. ಅರವತ್ತರ ಹತ್ತಿರ ಬಂದ ಮೇಲೆ ನಾನು ಅಡುಗೆ ಕಲಿಯಲು ವಿಮಾನ ಹತ್ತಿದೆ. ನಗು, ನಗು. ನನ್ನ ಕೈಗೆ ಲಟ್ಟಣಿಗೆ ಕೊಡುವ ಬದಲು ಪುಸ್ತಕ ಕೊಟ್ಟವಳು ನೀನೇ.

ಅಷ್ಟು ದೂರದ ಬಾರಿಗೇ ಯಾಕೆ ಹೋಗಬೇಕಿತ್ತು ಎಂದರೆ, ಮೊಟ್ಟೆ. ಇಟಲಿಯ ಉತ್ತರದವರು ಪಾಸ್ತಾದ ಹಿಟ್ಟಿಗೆ ಮೊಟ್ಟೆ ಒಡೆದು ಹಾಕುತ್ತಾರೆ, ಬಾರಿ ಕಡೆಯವರು ರವೆಗೆ ನೀರು ಹಾಕಿ ನಾದುತ್ತಾರೆ, ಅಷ್ಟೇ. ನಮ್ಮ ಮನೆಯವರಿಗೆ ಅದು ತಿಳಿದ ದಿನದಿಂದ ಒಂದೇ ಜಪ. ಡರ್ಬಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ವಿಮಾನದ ಎಂಜಿನ್ನು ತಪಾಸಣೆ ಮಾಡಿದ ಮನುಷ್ಯ, ಮೊಟ್ಟೆಯ ವಿಷಯದಲ್ಲೂ ಹಾಗೆಯೇ. 'ಮೊಟ್ಟೆ ಬೇಡ' ಎಂಬ ಇಟಾಲಿಯನ್ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋಟೆಲಿನವನಿಗೆ ಹೇಳಿದರು, ಟ್ಯಾಕ್ಸಿಯವನಿಗೂ ಹೇಳಿದರು. ಬಾರಿಯ ಮನೆಯ ಮೆಟ್ಟಿಲು ಹತ್ತುವಾಗ ಮತ್ತೆ, "ಹೇಮಾ, ತತ್ತಿ ಇಲ್ಲಂತ ಖಾತ್ರಿ ಮಾಡ್ಕೊಂಡೀರಿಲ್ಲೊ?" ಯಾಮಿನಿ ಎಂದಿನಂತೆ ಇಂಗ್ಲಿಷಿನಲ್ಲೇ, "ಡ್ಯಾಡ್, ಪ್ಲೀಸ್" ಎಂದಳು.

ಆ ಓಣಿಯನ್ನು ನೀನು ನೋಡಬೇಕಿತ್ತು, ಅಕ್ಕ. ಬಾಗಿಲಿಗೊಬ್ಬಳಂತೆ ಹೆಂಗಸರು ಹಲಗೆ ಹಾಕಿಕೊಂಡು ಕೂತು, ಬೆರಳಷ್ಟು ದಪ್ಪನೆಯ ಹಿಟ್ಟಿನ ಹಗ್ಗ ಕತ್ತರಿಸಿ, ಚಾಕುವಿನಿಂದ ಎಳೆದು, ಹೆಬ್ಬೆರಳಿನಿಂದ ತಿರುವಿ, ಪುಟ್ಟ ಕಿವಿಯಂಥ ಪಾಸ್ತಾ ಮಾಡಿ ಮಾಡಿ ಒಗೆಯುತ್ತಾರೆ. ಕೈ ನೋಡುವುದೇ ಇಲ್ಲ, ಬಾಯಿ ಎದುರುಮನೆಯವಳ ಜೊತೆ ಮಾತಾಡುತ್ತಿರುತ್ತದೆ. ನನಗೆ ನಮ್ಮ ಧಾರವಾಡದ ಮನೆಯ ಮಾಳಿಗೆಯೇ ಕಣ್ಣ ಮುಂದೆ ಬಂತು. ಬಿಸಿಲಿಗೆ ಧೋತರ ಹಾಸಿ, ನೀನೂ ಅವ್ವನೂ ಶಾವಿಗೆ ಹೊಸೆಯುತ್ತಿದ್ದಿರಿ. ಹೀಗೇ.

ಪಾಠ ಹೇಳುವಾಕೆಯ ಹೆಸರು ನುನ್ಸಿಯಾ. ಎಪ್ಪತ್ತರ ಮೇಲಿನ ಹೆಂಗಸು, ಗಿಡ್ಡ, ದುಂಡಗೆ, ಮೈಮೇಲೆ ಕಪ್ಪು ಬಟ್ಟೆ. ನಾವು ಅಭ್ಯಾಸಬಲದಿಂದ ಚಪ್ಪಲಿ ಹೊರಗೆ ಬಿಟ್ಟೆವು, ಆಕೆ ಗಾಬರಿಯಾಗಿ ಮತ್ತೆ ತೊಡಿಸಿದಳು, ನೆಲ ತಣ್ಣಗಿದೆಯಂತೆ. ಆಕೆಯ ಮಾತನ್ನು ಯಾಮಿನಿ ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ನಾನು ನಿನಗೆ ನಮ್ಮ ಭಾಷೆಯಲ್ಲೇ ಬರೆಯುತ್ತೇನೆ. ಆ ದನಿಗೆ ಅದೇ ಸರಿ.

ನಾದುವುದರಲ್ಲಿ ಇವರು ಗೆದ್ದರು. "ಗಂಡಸು ಚಲೋ ನಾದ್ತಾನ, ಮನ್ಯಾಗ ದುಡಿಸ್ತೀಯೋ ಇಲ್ಲೋ?" ಎಂದು ನುನ್ಸಿಯಾ ನನ್ನನ್ನು ಕೇಳಿದಳು. ಇವರ ಮುಖ ಊರಗಲ ಆಯಿತು. ಹಿಟ್ಟಿಗೆ ಬಟ್ಟೆ ಮುಚ್ಚಿಟ್ಟು ಆಕೆ ಪಲ್ಯಕ್ಕೆ ಕೈ ಹಾಕಿದಳು. ಸಾಸಿವೆ ಸೊಪ್ಪಿನ ಜಾತಿಯದೇ ಒಂದು ಕಹಿ ಸೊಪ್ಪು, ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿ, ಎಣ್ಣೆ. ಎಲ್ಲ ನಮ್ಮದೇ ಎಂದುಕೊಳ್ಳುವಷ್ಟರಲ್ಲಿ ಎಣ್ಣೆಗೆ ಏನೋ ಕಂದು ಬಣ್ಣದ್ದು ಬಿದ್ದು ಕರಗಿಹೋಯಿತು. ಇವರು ಮೂಗು ಅರಳಿಸಿದರು. ಪಕ್ಕದಲ್ಲಿ ಸಣ್ಣ ಡಬ್ಬಿ, ಮೇಲೆ ಮೀನಿನ ಚಿತ್ರ. ಮೊಟ್ಟೆಗೆ ಅಷ್ಟೊಂದು ಕಾವಲು ಹಾಕಿದ ನಾವು ಮೀನು ಬೇಡವೆಂದು ಹೇಳುವುದನ್ನೇ ಮರೆತಿದ್ದೆವು. ಯಾಮಿನಿ ಹೇಳಿದ್ದಕ್ಕೆ ನುನ್ಸಿಯಾ, "ಮಾಂಸ ತಿನ್ನೂದಿಲ್ಲ ಅಂದ್ರಿ, ಇದು ಮಾಂಸ ಅಲ್ಲಲ್ಲ. ರುಚಿಗೆ ಅಷ್ಟ" ಎಂದಳು. ಆದರೂ ಒಂದು ಮಾತು ಜಾಸ್ತಿ ಆಡದೆ ಬಾಣಲೆ ತೊಳೆದು, ಬೇರೆ ಎಣ್ಣೆ ಇಟ್ಟು ಮೊದಲಿನಿಂದ ಶುರು ಮಾಡಿದಳು. ಎಂಜಿನಿಯರ್ ಸಾಹೇಬರ ಮುಖ ಸಣ್ಣಗಾಗಿತ್ತು. ಯಾಮಿನಿ ನಕ್ಕು ನಕ್ಕು ಕುರ್ಚಿ ಹಿಡಿದು ಕೂತಳು.

ಆಮೇಲೆ ಕಿವಿ ಮಾಡುವ ಕೆಲಸ. ಯಾಮಿನಿಗೆ ಬಂತು, ಇವರಿಗೂ ಒಂದು ಮಟ್ಟಿಗೆ ಬಂತು, ನನಗೆ ಮಾತ್ರ ಬರಲೊಲ್ಲದು. ಚಾಕು ಎಳೆದರೆ ಹಿಟ್ಟು ಹರಿಯುತ್ತದೆ. ಬೇಸರವಾಗಿ ಚಾಕು ಪಕ್ಕಕ್ಕಿಟ್ಟು ಸುಮ್ಮನೆ ಒಂದು ಎಳೆ ಹಿಟ್ಟು ಹಿಡಿದೆ ನೋಡು, ಹೆಬ್ಬೆರಳು ತೋರುಬೆರಳು ತಾವಾಗಿಯೇ ಹೊಸೆಯತೊಡಗಿದವು. ಚೂರು ಮುರಿದು, ಹೊಸೆದು, ಎರಡೂ ತುದಿ ಚೂಪು ಮಾಡಿ ಬಿಡುವುದು. ಸೌತೆಬೀಜ! ನಾನು ಆರು ವರ್ಷದವಳಿದ್ದಾಗ ನೀನು ಕಲಿಸಿದ್ದು. ಆಮೇಲಿನ ಐವತ್ತು ವರ್ಷದಲ್ಲಿ ಈ ಕೈಗಳು ನಾಡಿ ಹಿಡಿದಿವೆ, ಸೂಜಿ ಚುಚ್ಚಿವೆ, ಕಂಪ್ಯೂಟರು ಕುಟ್ಟಿವೆ, ಆದರೂ ಮರೆತಿರಲಿಲ್ಲ. ಎಷ್ಟು ಖುಷಿಯಾಯಿತು ಎಂದರೆ ನಿನಗೆ ಅಲ್ಲಿಂದಲೇ ಫೋನ್ ಮಾಡಹೊರಟಿದ್ದೆ.

ನುನ್ಸಿಯಾ ಕನ್ನಡಕ ಹಾಕಿಕೊಂಡು ಒಂದು ಬೀಜ ಎತ್ತಿ ನೋಡಿದಳು. ಇದಕ್ಕೆ ಯಾವ ಸಾರು ಎಂದಳು. ಸಾರಲ್ಲ, ತುಪ್ಪದಲ್ಲಿ ಹುರಿದು ಹಾಲು ಬೆಲ್ಲದಲ್ಲಿ ಕುದಿಸಿ ಪಾಯಸ ಮಾಡುತ್ತೇವೆ, ಮದುವೆಗೆ ಇದು ಆಗಲೇಬೇಕು ಎಂದು ಯಾಮಿನಿಯಿಂದ ಹೇಳಿಸಿದೆ. ಪಾಸ್ತಾಕ್ಕೆ ಹಾಲು ಸಕ್ಕರೆ ಎಂದದ್ದೇ ಆಕೆ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಆದರೆ ಕುತೂಹಲ ಬಿಡಬೇಕಲ್ಲ. ಹಾಲು ಬಂತು, ಬೆಣ್ಣೆ ಬಂತು, ಬೆಲ್ಲದ ಬದಲು ಕಂದು ಸಕ್ಕರೆ. ಎದುರುಮನೆಯವರೂ ಚಮಚ ಹಿಡಿದು ಬಂದರು. ಪಾಯಸ ತಳ ಕಾಣುವವರೆಗೆ ತಿಂದರು, ಅಕ್ಕ. ನಾನು, ಪಾಠ ಕಲಿಯಲು ಹೋದವಳು, ಐದು ಜನಕ್ಕೆ ಸೌತೆಬೀಜ ಹೊಸೆಯುವುದನ್ನು ಕಲಿಸಿ ಬಂದೆ.

ಊಟವಾದ ಮೇಲೆ ನುನ್ಸಿಯಾ ಒಂದು ಫೋಟೋ ತೋರಿಸಿದಳು. ಗಂಡನದು. ಮೀನು ಹಿಡಿಯುವವನಂತೆ, ಸತ್ತು ಇಪ್ಪತ್ತೆಂಟು ವರ್ಷ. ಆ ಓಣಿಯ ಯಾವ ಮದುವೆ ಇದ್ದರೂ ಪಾಸ್ತಾ ಈಕೆಯ ಕೈಯದೇ ಆಗಬೇಕಂತೆ, ಬುಟ್ಟಿಗಟ್ಟಲೆ ಮಾಡುತ್ತಾಳಂತೆ. ನಾನು ತಡೆಯಲಾರದೆ ಕೇಳಿಸಿದೆ: ಗಂಡ ಇಲ್ಲದಾಕೆ ಮದುವೆಯ ಅಡುಗೆಗೆ ಕೈ ಹಚ್ಚಿದರೆ ಯಾರೂ ಏನೂ ಅನ್ನುವುದಿಲ್ಲವೇ? ಯಾಮಿನಿ ನನ್ನ ಮುಖ ನೋಡಿದಳು, ಆಮೇಲೆ ಕೇಳಿದಳು. ನುನ್ಸಿಯಾಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡು ಸಲ ಬಿಡಿಸಿ ಹೇಳಿದ ಮೇಲೆ, "ಯಾರೇನಂತಾರ? ಸತ್ತಾವ ನನ್ನ ಗಂಡ, ನನ್ನ ಕೈಯಲ್ಲ" ಎಂದಳು.

ಅಕ್ಕ, ಈಗ ನೀನು ಕಾಗದ ಕೆಳಗಿಡುತ್ತೀ ಎಂದು ಗೊತ್ತು. ಇಡಬೇಡ. ನಮ್ಮ ಹಿರಿಮಗಳು ಮಾಳವಿಕಾಳ ಮದುವೆಯಲ್ಲಿ ಮಾಳಿಗೆಯ ಮೇಲೆ ಆದದ್ದನ್ನು ಈ ಆರು ವರ್ಷ ನಾವಿಬ್ಬರೂ ಬಾಯಿ ಬಿಟ್ಟು ಆಡಿಲ್ಲ. ಈಶ್ವರಪ್ಪ ಭಾವ ಹೋಗಿ ಆಗ ಮೂರು ವರ್ಷ. ನೀನು ಎಲ್ಲರಿಗಿಂತ ಮೊದಲು ಮಣೆ ಹಾಕಿಕೊಂಡು ಸೌತೆಬೀಜಕ್ಕೆ ಕೂತಿದ್ದೆ. ನಾನು ಬಂದು ಕಿವಿಯಲ್ಲಿ, ಮುತ್ತೈದೆಯರಷ್ಟೇ ಹೊಸೆಯಲಿ ಎಂದು ನಮ್ಮ ಅತ್ತೆ ಅನ್ನುತ್ತಿದ್ದಾರೆ ಎಂದೆ. ನೀನು ಕೈ ತೊಳೆದುಕೊಂಡು ಕೆಳಗಿಳಿದು ಹೋದೆ. ಮದುವೆಗೆ ನಿಂತೆ, ಮುಯ್ಯಿ ಮಾಡಿದೆ. ಅಂದಿನಿಂದ ನಮ್ಮ ಮನೆಯ ಯಾವ ಶುಭಕಾರ್ಯಕ್ಕೂ ನೀನು ಬಂದಿಲ್ಲ. ಮೊಣಕಾಲಿನ ನೋವು ನನಗೆ ತಿಳಿಯದ್ದೇ? ನಾನೂ ಡಾಕ್ಟರೇ.

ಅದಕ್ಕೇ ಹೇಳುತ್ತಿದ್ದೇನೆ ಕೇಳು. ಮೇ ತಿಂಗಳಲ್ಲಿ ಯಾಮಿನಿಯ ಮದುವೆ, ಮ್ಯಾಂಚೆಸ್ಟರಿನ ಹುಡುಗ ಅಭಿರಾಮ್ ಜೊತೆ. ಏಪ್ರಿಲಿನ ಒಂದು ಭಾನುವಾರ ನಮ್ಮ ಮನೆಯಲ್ಲಿ ಸೌತೆಬೀಜ ಹೊಸೆಯುವುದು. ಹಡರ್ಸ್‌ಫೀಲ್ಡಿನ ಅಂಗಡಿಯಿಂದ ಐದು ಕಿಲೋ ಚಿರೋಟಿ ರವೆ ಈಗಲೇ ತಂದಿದ್ದೇನೆ. ಡರ್ಬಿಯಿಂದ ಗೆಳತಿ ಸೌಮ್ಯಾ ಬರುತ್ತಾಳೆ, ನಮ್ಮ ಬೀದಿಯ ಮಾರ್ಗರೆಟ್ ಕೂಡ ಬರುತ್ತಾಳಂತೆ, ಅವಳೂ ಗಂಡನನ್ನು ಕಳೆದುಕೊಂಡವಳು. ಇಲ್ಲಿ ಬಿಸಿಲಿನ ಭರವಸೆ ಇಲ್ಲ, ರೇಡಿಯೇಟರ್ ಪಕ್ಕ ಒಣಗಿಸುತ್ತೇವೆ. ಮೊದಲ ಎಳೆ ನೀನು ಹಿಡಿಯಬೇಕು. ಯಾಮಿನಿಯದೂ ಅದೇ ಹಟ, "ದೊಡ್ಡಮ್ಮ ಫಸ್ಟ್" ಎನ್ನುತ್ತಾಳೆ. ವೀಸಾದ ಕಾಗದಪತ್ರ ಇವರು ತುಂಬುತ್ತಾರೆ, ಮೊಣಕಾಲು ನನ್ನ ಜವಾಬ್ದಾರಿ. ಟ್ರಾಮ್ ನಮ್ಮ ಮನೆಯ ತಿರುವಿನಲ್ಲೇ ನಿಲ್ಲುತ್ತದೆ, ನಿನ್ನನ್ನು ದಿಣ್ಣೆ ಹತ್ತಿಸುವುದಿಲ್ಲ.

ಮೊಮ್ಮಗ ಪೃಥ್ವಿಗೆ ನನ್ನ ಆಶೀರ್ವಾದ ಹೇಳು, ಎಸ್ಸೆಸ್ಸೆಲ್ಸಿ ಎಂದು ತೀರಾ ಹಿಂಡಬೇಡ. ನಿನ್ನ ಬಿಪಿ ಮಾತ್ರೆ ತಪ್ಪಿಸಬೇಡ. ನಮ್ಮ ಹುಡುಗಿಯ ತಲೆಯ ಮೇಲೆ ನಿನ್ನ ಕೈ ಇರಲಿ, ನನ್ನ ಮೇಲೂ.

ನಿನ್ನ ತಂಗಿ,
ಹೇಮಲತಾ

ತಾ.ಕ.: ಇಲ್ಲಿಂದ ಮುಂದಿನದನ್ನು ಪೃಥ್ವಿಯ ಕೈಯಲ್ಲಿ ಓದಿಸಬೇಡ, ನೀನೇ ಓದು. ಮೇಲೆ ಬರೆದ ಒಂದು ಮಾತು ಸುಳ್ಳು. ಹೊಡೆದು ಹಾಕಬೇಕೆಂದಿದ್ದೆ, ಆದರೆ ಆರು ವರ್ಷ ನಿನಗೆ ಹೇಳಿದ ಸುಳ್ಳು ಅದೇ, ಇರಲಿ ಎಂದು ಹಾಗೇ ಬಿಟ್ಟೆ. ಹೋದ ವಾರ ಹಡರ್ಸ್‌ಫೀಲ್ಡಿನಿಂದ ರವೆ ತರುವಾಗ ಕಾರಿನಲ್ಲಿ ಯಾಮಿನಿ, ನುನ್ಸಿಯಾಗೆ ಆ ಪ್ರಶ್ನೆ ಯಾಕೆ ಕೇಳಿದೆ ಎಂದು ಹಿಡಿದು ಕೇಳಿದಳು. ಅವಳಿಗೆ ನಿಜ ಹೇಳಿದೆ. ಮನೆಯ ಮುಂದೆ ಇಳಿಯುವಾಗ, ದೊಡ್ಡಮ್ಮನಿಗೆ ಬರೆದು ಕಳಿಸು, ಫೋನಿನಲ್ಲಿ ನೀನು ಜಾರಿಕೊಳ್ಳುತ್ತೀ ಎಂದಳು.

ಅತ್ತೆ ಹಾಗೆ ಅನ್ನಲಿಲ್ಲ, ಅಕ್ಕ. ಅಂದದ್ದು ನಾನು. ಮಗಳಿಗೆ ಏನಾದರೂ ಆದೀತೆಂದು ಹೆದರಿದೆ. ನೀನು ಕಟ್ಟಿದ ಫೀಸಿನಲ್ಲಿ ಡಾಕ್ಟರಾದವಳು, ನಿನ್ನ ಕೈಗೇ ಹೆದರಿದೆ. ಹೇಳುವ ಧೈರ್ಯವಿಲ್ಲದೆ ಮುದುಕಿಯ ಹೆಸರು ಹಾಕಿದೆ. ಅತ್ತೆಯ ಮಣ್ಣಿಗೂ ನೀನು ಬರಲಿಲ್ಲ, ಆಗಲೂ ಸುಮ್ಮನಿದ್ದೆ.

ಅವತ್ತು ಸಿದ್ದವ್ವ ಅತ್ತೆ ಮಾಳಿಗೆ ಹತ್ತಿ ಬಂದವರೇ ಮೊದಲು ಕೇಳಿದ್ದು ನಿನ್ನನ್ನೇ, "ಚಂದ್ರವ್ವ ಎಲ್ಲಿ? ಆಕಿ ಕೈ ಬಿದ್ರ ಸೌತೆಬೀಜ ಚಲೋ ಆಗ್ತಾವ, ಕರಿ ಆಕೀನ್ನ." ತಲೆನೋವೆಂದು ಮಲಗಿದ್ದಾಳೆ ಎಂದೆ. ನೀನು ತಮ್ಮ ಜೊತೆ ಯಾಕೆ ಮಾತು ಬಿಟ್ಟೆ ಎಂದು ಅವರು ಸಾಯುವವರೆಗೂ ನನ್ನನ್ನು ಕೇಳುತ್ತಿದ್ದರು.