ಮತ್ತೊಮ್ಮೆ ಕೇಳದ ವಿಳಾಸ

ಮಾರ್ಚ್ ೧೧, ಮಂಗಳವಾರ. ರಾತ್ರಿ.

ನಾಳೆ ಹತ್ತೂವರೆಗೆ ಸಂದರ್ಶನ. ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಒಂಬತ್ತು ವರ್ಷ ಫೋನ್ ಎತ್ತಿದ್ದಾಯಿತು. ಇನ್ನು ಹೊಸಬರಿಗೆ ಕಲಿಸುವ ಕೆಲಸ ಸಿಕ್ಕರೆ ಸಾಕು. ನಾನು ನಿಭಾಯಿಸಿದ ಒಂದು ಕರೆಯ ಬಗ್ಗೆ ಐದು ನಿಮಿಷ ಮಾತಾಡಬೇಕಂತೆ. ಫೋನಿನಲ್ಲೇ ಹೆರಿಗೆ ಮಾಡಿಸಿದ್ದನ್ನು ಆರಿಸಿಕೊಂಡೆ. ನಾಲ್ಕು ಸ್ಲೈಡ್.

ನಾನು ಜೋರಾಗಿ ಹೇಳಿ ಅಭ್ಯಾಸ ಮಾಡುವಾಗ ಅತ್ತಿಗೆ ಮೊಬೈಲಿನಲ್ಲಿ ಸಮಯ ನೋಡುತ್ತಾ ಕೂತಿದ್ದರು. ಮೂರನೇ ಸ್ಲೈಡಿಗೆ ಕೈಯೆತ್ತಿ ತಡೆದರು.

"ಹೆರಿಗೆ ಕಥೆಯಲ್ಲಿ ಹಸಿರು ಬಾಗಿಲು ಎಲ್ಲಿಂದ ಬಂತೇ?"

ಹಾಗಂದದ್ದು ನನಗೇ ಗೊತ್ತಾಗಿರಲಿಲ್ಲ. ಆರು ವರ್ಷದಿಂದ ಯಾರ ಹತ್ತಿರವೂ ಬಾಯಿಬಿಡದಿದ್ದನ್ನು ಆಗ ಅವರಿಗೆ ಹೇಳಿಬಿಟ್ಟೆ. "ಹಸಿರು ಬಾಗಿಲು ತಾಯಿ, ತೆಗೆದೇ ಇಟ್ಟಿದ್ದೀನಿ," ಅಂದಿದ್ದರು ಅಂದು ಫೋನ್ ಮಾಡಿದ್ದ ಒಬ್ಬ ಅಜ್ಜ. ಅವರ ಹೆಂಡತಿಗೆ ಉಸಿರು ಸಿಗುತ್ತಿರಲಿಲ್ಲ. ನಾನು ಬೀದಿಯ ಹೆಸರನ್ನು ತಪ್ಪಾಗಿ ಕೇಳಿಸಿಕೊಂಡು ಗಾಡಿಯನ್ನು ಊರಿನ ಇನ್ನೊಂದು ತುದಿಗೆ ಕಳಿಸಿದೆ. ಅದು ಸರಿಯಾದ ಮನೆ ಮುಟ್ಟುವಷ್ಟರಲ್ಲಿ ಅಜ್ಜಿ ಹೋಗಿಬಿಟ್ಟಿದ್ದರು. ಅಜ್ಜನೇ ಗಾಬರಿಯಲ್ಲಿ ವಿಳಾಸ ತಪ್ಪು ಹೇಳಿದರು ಅಂತ ಮೇಲಿನವರು ವರದಿಯಲ್ಲಿ ಬರೆದರು. ನಾನು ಸುಮ್ಮನಿದ್ದೆ.

ಅತ್ತಿಗೆ ಮೊಬೈಲ್ ಕೆಳಗಿಟ್ಟರು. ಆಮೇಲೆ, "ಕಲಿಯೋಕೆ ಬರೋರಿಗೆ ಹೇಳಬೇಕಾದ್ದು ಇದೇ ಅಲ್ವಾ?" ಅಂದರು.

"ಕೆಲಸ ಸಿಗಲ್ಲ ಅತ್ತಿಗೆ. ಇರೋದೂ ಹೋಗುತ್ತೆ."

"ನಿನ್ನ ನಿದ್ದೆ ಹೋಗಿ ಆರು ವರ್ಷ ಆಯ್ತಲ್ಲೇ."

ಅವರು ಮಲಗಿದ ಮೇಲೆ ನಾಲ್ಕೂ ಸ್ಲೈಡ್ ಅಳಿಸಿದೆ. ಹೊಸದರಲ್ಲಿ ಇಷ್ಟೇ ಬರೆದಿದ್ದೇನೆ: ತಪ್ಪಿದ್ದು ಆ ಅಜ್ಜ ಅಲ್ಲ, ನಾನು. ಜೋರಾಗಿ ಓದಲು ಹೋದರೆ 'ಅಜ್ಜ' ಅನ್ನುವಲ್ಲೇ ನಿಂತುಬಿಡುತ್ತೇನೆ. ಬೆಳಗಾಗುವುದರೊಳಗೆ ಒಂದು ಸಲವಾದರೂ ಪೂರ್ತಿ ಓದಬೇಕು.